ಅಲಾಯ್ ಚಕ್ರದ ಬಿಳಿ ಗೆರೆಗಳು ಉಜ್ಜಿದರೆ ಹೋಗುತ್ತವೆಯೇ?

ಪ್ರಶ್ನೆ: ನಮ್ಮ ಮನೆ ಮಲ್ಪೆಯಲ್ಲಿ, ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಮೂರು ವರ್ಷದ ಹಿಂದೆ ಕೊಂಡ ಕಾರಿಗೆ ಕಂಪನಿಯಿಂದಲೇ ಬಂದ ಡೈಮಂಡ್ ಕಟ್ ಅಲಾಯ್ ಚಕ್ರಗಳಿವೆ. ಹದಿನೈದು ದಿನಕ್ಕೊಮ್ಮೆ ಶಿರಾಡಿ ಘಾಟಿಯ ಮೂಲಕ ಹಾಸನಕ್ಕೆ ಹೋಗಿ ಬರುತ್ತೇನೆ. ಮುಂದಿನ ಎರಡು ಚಕ್ರಗಳು ತೊಳೆದ ಎರಡೇ ದಿನಕ್ಕೆ ಕಪ್ಪಾಗುತ್ತವೆ, ಹಿಂದಿನವು ಹಾಗಾಗುವುದಿಲ್ಲ. ಕಳೆದ ಮಳೆಗಾಲದ ನಂತರ ಸ್ಪೋಕ್‌ಗಳ ಅಂಚಿನಲ್ಲಿ, ವಾರ್ನಿಷ್‌ನ ಕೆಳಗೆ, ಹುಳು ಹರಿದಂಥ ಬಿಳಿ ಗೆರೆಗಳು ಕಾಣಿಸಿಕೊಂಡಿವೆ. ವಾಟರ್ ಸರ್ವಿಸ್‌ನವರು ಟಾಯ್ಲೆಟ್ ಕ್ಲೀನರ್ ಹಾಕಿ ಉಜ್ಜಿಕೊಟ್ಟರು. ಒಂದು ವಾರ ಗೆರೆ ಮಾಯವಾದಂತೆ ಕಂಡಿತು, ಆಮೇಲೆ ಮೊದಲಿಗಿಂತ ಹೆಚ್ಚಾಯಿತು, ಚಕ್ರದ ಹೊಳಪೂ ಮಸುಕಾಯಿತು. ಸೆರಾಮಿಕ್ ಕೋಟಿಂಗ್ ಮಾಡಿಸಿ ಎಂದು ಒಬ್ಬರು, ಲೇತ್‌ಗೆ ಹಾಕಿಸಿ ಹೊಸ ಹೊಳಪು ತರಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಇದರ ಜೊತೆಗೆ ಮುಂದಿನ ಎಡ ಚಕ್ರದಲ್ಲಿ ವಾರಕ್ಕೆ ನಾಲ್ಕೈದು ಪಾಯಿಂಟ್ ಗಾಳಿ ಇಳಿಯುತ್ತದೆ. ಪಂಕ್ಚರ್ ಅಂಗಡಿಯವರಿಗೆ ಮೊಳೆ ಸಿಗಲಿಲ್ಲ, ಟ್ಯೂಬ್ ಹಾಕಿಸಿ ಎನ್ನುತ್ತಾರೆ. ನಾವು ಕಾರು ತೊಳೆಯುವುದು ಬೋರ್‌ವೆಲ್ ನೀರಿನಲ್ಲಿ, ಅದು ಸ್ವಲ್ಪ ಸವುಳು. ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಕರಾವಳಿಯಲ್ಲಿ ಚಕ್ರಗಳ ದುರಸ್ತಿಯ ಕೆಲಸ ಮಾಡುತ್ತ ಬಂದಿರುವ ನನ್ನ ಬಳಿಗೆ ಗಂಗೊಳ್ಳಿಯಿಂದ ಉಳ್ಳಾಲದವರೆಗಿನ ಕಡಲ ಬದಿಯ ಕಾರುಗಳು ಮಳೆಗಾಲ ಮುಗಿಯುತ್ತಿದ್ದಂತೆ ಇದೇ ದೂರಿನೊಂದಿಗೆ ಬರುತ್ತವೆ. ನೀವು ಬರೆದದ್ದರಲ್ಲಿ ಮುಖ್ಯವಾಗಿ ಮೂರು ತೊಂದರೆಗಳಿವೆ: ಮುಂದಿನ ಚಕ್ರಗಳ ಕಪ್ಪು, ವಾರ್ನಿಷ್‌ನ ಕೆಳಗಿನ ಬಿಳಿ ಗೆರೆ, ಮತ್ತು ಇಳಿಯುವ ಗಾಳಿ. ಕಪ್ಪು ಎಂಬುದು ಮೇಲೆ ಕೂತ ಕೊಳೆ, ಅದನ್ನು ತೊಳೆದು ತೆಗೆಯಬಹುದು. ಬಿಳಿ ಗೆರೆ ಕೊಳೆಯೇ ಅಲ್ಲ, ಅದು ಲೋಹವು ಒಳಗಿನಿಂದ ಸವೆಯುತ್ತಿರುವ ಗುರುತು, ಹಾಗಾಗಿ ಯಾವ ದ್ರಾವಣದಿಂದ ಉಜ್ಜಿದರೂ ಹೋಗುವುದಿಲ್ಲ. ಗಾಳಿ ಇಳಿಯುವುದಕ್ಕೂ ಬಹುಪಾಲು ಅದೇ ಸವೆತ ಕಾರಣವಾಗಿರಬಹುದು, ಮತ್ತು ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಹೊಳಪಿನ ವಿಷಯವಲ್ಲ, ಈ ಗಾಳಿಯ ವಿಷಯ.

ಮೊದಲು ಚಕ್ರ ಹೇಗೆ ತಯಾರಾಗಿದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ನಮ್ಮಲ್ಲಿನ ಹೆಚ್ಚಿನ ಅಲಾಯ್ ಚಕ್ರಗಳು ಸುಮಾರು ಶೇ 7ರಷ್ಟು ಸಿಲಿಕಾನ್ ಹಾಗೂ ಅಲ್ಪಸ್ವಲ್ಪ ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂನಿಂದ ಎರಕ ಹೊಯ್ದವು. ಎರಕದ ನಂತರ ಅವನ್ನು ಕಾಯಿಸಿ, ತಣಿಸಿ, ಮತ್ತೆ 150–170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇರಿಸಿ ಬಲ ತುಂಬುತ್ತಾರೆ. ಆಮೇಲೆ ಪ್ರೈಮರ್, ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್ ಎನ್ನುವ ಪಾರದರ್ಶಕ ವಾರ್ನಿಷ್ ಬರುತ್ತದೆ. ಡೈಮಂಡ್ ಕಟ್ ಚಕ್ರದಲ್ಲಿ ಒಂದು ವ್ಯತ್ಯಾಸವಿದೆ. ಬಣ್ಣ ಹಚ್ಚಿದ ಮೇಲೆ ಚಕ್ರದ ಮುಖವನ್ನು ಲೇತ್‌ನಲ್ಲಿ ತೆಳುವಾಗಿ ಕೆತ್ತಿ, ಪ್ರೈಮರ್ ಮತ್ತು ಬಣ್ಣವನ್ನು ಆ ಭಾಗದಿಂದ ತೆಗೆದುಬಿಟ್ಟು, ಬರಿಯ ಲೋಹದ ಮೇಲೆ ನೇರವಾಗಿ ಕ್ಲಿಯರ್ ಕೋಟ್ ಹಚ್ಚುತ್ತಾರೆ. ಮಳಿಗೆಯಲ್ಲಿ ಕಣ್ಸೆಳೆಯುವ ಆ ಬೆಳ್ಳಿಯ ಹೊಳಪು ಬರುವುದು ಹೀಗೆ. ಆದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳುವಾದ ಆ ಒಂದು ಪದರದ ಹೊರತು ಕಡಲ ಗಾಳಿಗೂ ಲೋಹಕ್ಕೂ ನಡುವೆ ಅಲ್ಲಿ ಬೇರೆ ಬಣ್ಣದ ರಕ್ಷಣೆ ಇರುವುದಿಲ್ಲ. ಕೆತ್ತಿದ ಅಂಚು ಚೂಪಾಗಿರುವುದರಿಂದ ಹಸಿ ವಾರ್ನಿಷ್ ಅಂಚಿನಿಂದ ಹಿಂದೆ ಸರಿದು ಅಲ್ಲಿ ಇನ್ನಷ್ಟು ತೆಳುವಾಗುತ್ತದೆ. ನಿಮ್ಮ ಗೆರೆಗಳು ಸ್ಪೋಕ್‌ನ ಅಂಚಿನಿಂದಲೇ ಶುರುವಾಗಿರುವುದು ಈ ಕಾರಣಕ್ಕಾಗಿ.

ಸವೆತ ನಡೆಯುವ ಬಗೆ ಇದು. ಜಲ್ಲಿಕಲ್ಲು ತಾಗಿ, ಟೈರ್ ಬದಲಿಸುವಾಗ ಲಿವರ್ ಗೀರಿ, ಅಥವಾ ಬ್ಯಾಲೆನ್ಸಿಂಗ್ ತೂಕದ ಕ್ಲಿಪ್ ಒತ್ತಿ ಕ್ಲಿಯರ್ ಕೋಟ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ. ಅದರೊಳಗೆ ಉಪ್ಪಿನ ಕ್ಲೋರೈಡ್ ಮತ್ತು ತೇವ ಇಳಿಯುತ್ತವೆ. ಗೆರೆಯ ತುದಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಆಮ್ಲೀಯ ದ್ರವ ನಿಲ್ಲುತ್ತದೆ, ಹಿಂಬದಿಯಲ್ಲಿ ಬಿರುಕಿನ ಮೂಲಕ ಗಾಳಿ ಸಿಗುತ್ತದೆ. ಈ ವ್ಯತ್ಯಾಸವೇ ಒಂದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡಿ ತುದಿಯನ್ನು ಮುಂದೆ ಮುಂದೆ ತಳ್ಳುತ್ತದೆ, ಅದು ಹಾದು ಹೋದ ದಾರಿಯಲ್ಲಿ ಬಿಳಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಉಳಿಯುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ 60ನ್ನು ದಾಟಿದರೆ ಈ ಕ್ರಿಯೆ ಆರಂಭವಾಗಬಲ್ಲದು, ತೇವಾಂಶ ಏರಿದಷ್ಟೂ ಚುರುಕಾಗುತ್ತದೆ. ಮಲ್ಪೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಆ ಮಟ್ಟಕ್ಕಿಂತ ಕೆಳಗಿಳಿಯುವುದೇ ಅಪರೂಪ. ಜೊತೆಗೆ ನೈಋತ್ಯದ ಗಾಳಿ ತೆರೆಯ ನೊರೆಯಿಂದ ಉಪ್ಪಿನ ಹನಿಗಳನ್ನು ಎತ್ತಿ ಒಳನಾಡಿಗೆ ಒಯ್ಯುತ್ತಿರುತ್ತದೆ. ಇದೇ ಮಾದರಿಯ ಕಾರು, ಇದೇ ಚಕ್ರ, ಚಿತ್ರದುರ್ಗದಲ್ಲಿ ಓಡಿದರೆ ಹತ್ತು ವರ್ಷ ಚೆನ್ನಾಗಿಯೇ ಇರಬಹುದು. ಹಾಗಾಗಿ ಇದನ್ನು ನಿಮ್ಮ ಅಲಕ್ಷ್ಯ ಎಂದು ಭಾವಿಸಬೇಡಿ.

ಇನ್ನು ಟಾಯ್ಲೆಟ್ ಕ್ಲೀನರ್. ಹುಣಸೆಹಣ್ಣು ಹಚ್ಚಿದರೆ ಹಿತ್ತಾಳೆಯ ಕೊಡ ಥಳಥಳಿಸುತ್ತದೆ, ಹಾಗೆಯೇ ಹುಳಿಯ ಪದಾರ್ಥ ಚಕ್ರವನ್ನೂ ಬೆಳಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಹಿತ್ತಾಳೆಯ ಮೇಲಿನ ಕಿಲುಬನ್ನು ಹುಳಿ ಕರಗಿಸುತ್ತದೆ ಎಂಬುದು ನಿಜ, ಆದರೆ ಅಲ್ಯೂಮಿನಿಯಂನ ಸ್ವಭಾವ ಬೇರೆ. ಅದನ್ನು ಕಾಪಾಡುವುದು ಅದರ ಮೇಲೆ ತಾನಾಗಿ ಬೆಳೆಯುವ ಆಕ್ಸೈಡ್ ಪೊರೆ. ಆ ಪೊರೆ ಸುಮಾರು 4ರಿಂದ 8.5ರವರೆಗಿನ ಪಿಎಚ್‌ನಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ, ಅದಕ್ಕಿಂತ ತೀಕ್ಷ್ಣವಾದ ಆಮ್ಲದಲ್ಲೂ ಕರಗುತ್ತದೆ, ಕಾಸ್ಟಿಕ್ ಸೋಡಾದಂಥ ಕ್ಷಾರದಲ್ಲೂ ಕರಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ನೀಲಿ ಬಣ್ಣದ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಸುಮಾರು ಶೇ 10ರಷ್ಟು ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಅದನ್ನು ಗೆರೆಗಳ ಮೇಲೆ ಸುರಿದಾಗ ಬಿರುಕಿನ ಬಾಯಲ್ಲಿದ್ದ ಬಿಳಿ ಲವಣ ಕರಗುತ್ತದೆ, ಒಂದು ವಾರ ಗೆರೆ ಹೋದಂತೆ ಕಾಣುತ್ತದೆ. ಆದರೆ ಅದೇ ಹೊತ್ತಿಗೆ ಹೊಸ ಕ್ಲೋರೈಡ್ ವಾರ್ನಿಷ್‌ನ ಅಡಿಗೆ ಸೇರಿಕೊಂಡಿರುತ್ತದೆ, ಮತ್ತು ಸವೆತಕ್ಕೆ ಬೇಕಾಗಿದ್ದುದು ಅದೇ. ನಿಮಗೆ ಮೊದಲಿಗಿಂತ ಹೆಚ್ಚಾಗಿ ಕಂಡದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಹೊಳಪು ಮಸುಕಾದದ್ದು ಆಮ್ಲ ಮತ್ತು ಸ್ಕ್ರಬ್ಬರ್ ಎರಡರಿಂದಲೂ ಆಗಿರಬಹುದು. ಮಸುಕು ಕ್ಲಿಯರ್ ಕೋಟ್‌ನ ಮೇಲ್ಮೈಯಲ್ಲಿ ಮಾತ್ರವಿದ್ದರೆ ನುಣುಪು ಪಾಲಿಶ್‌ನಿಂದ ಕೈಯಲ್ಲಿ ತಿಕ್ಕಿ ಸ್ವಲ್ಪ ಮರಳಿ ಪಡೆಯಬಹುದು, ಲೋಹವೇ ಕಲೆಗಟ್ಟಿದ್ದರೆ ಆಗುವುದಿಲ್ಲ.

ಇದಕ್ಕಿಂತಲೂ ಅಪಾಯಕಾರಿಯಾದ ಇನ್ನೊಂದು ವಸ್ತುವಿದೆ, ಅದರ ಬಗ್ಗೆ ಎಚ್ಚರಿಸದೆ ಇರಲಾರೆ. ಕೆಲವು ಕಡೆ ಲೇಬಲ್ ಇಲ್ಲದ ಕ್ಯಾನ್‌ಗಳಲ್ಲಿ ಬರುವ ಅಗ್ಗದ ಚಕ್ರ ಶುಚಿಕಾರಕಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅವು ಕ್ಷಣದಲ್ಲಿ ಚಕ್ರವನ್ನು ಬೆಳ್ಳಗೆ ಮಾಡುತ್ತವೆ. ಅದೇ ದ್ರವ ಕೈಗೆ ತಾಗಿದರೆ ಮೊದಲು ಏನೂ ಅನ್ನಿಸದೆ, ಗಂಟೆಗಳ ನಂತರ ಚರ್ಮದಾಳದಲ್ಲಿ ತೀವ್ರ ನೋವು ಶುರುವಾಗಬಹುದು, ಮೂಳೆಯವರೆಗೂ ಹಾನಿಯಾಗಬಹುದು. ವಾಟರ್ ಸರ್ವಿಸ್‌ನ ಹುಡುಗರು ಕೈಗವಸು ಇಲ್ಲದೆ, ಬರಿಗಾಲಿನಲ್ಲಿ ಅದನ್ನು ಬಳಸುವುದನ್ನು ನಾನು ನೋಡಿದ್ದೇನೆ. ಅಂಥದ್ದು ನಿಮ್ಮ ಕಣ್ಣಿಗೆ ಬಿದ್ದರೆ ಬೇಡವೆನ್ನಿ. ನಿಮ್ಮ ಚಕ್ರಕ್ಕಿಂತ ಆ ಹುಡುಗರ ಕೈಗಾಗಿ ಈ ಮಾತು ಹೇಳುತ್ತಿದ್ದೇನೆ. ತಾಗಿದ್ದರೆ ಕೂಡಲೇ ಬಹಳ ಹೊತ್ತು ನೀರಿನಲ್ಲಿ ತೊಳೆದು, ನೋವಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು, ಏನು ತಾಗಿತು ಎಂಬುದನ್ನು ವೈದ್ಯರಿಗೆ ತಿಳಿಸಬೇಕು.

ಮುಂದಿನ ಚಕ್ರಗಳ ಕಪ್ಪಿನ ವಿಷಯಕ್ಕೆ ಬರೋಣ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕ್‌ಗಳದ್ದು. ನಿಮ್ಮ ಕಾರಿನ ಹಿಂದಿನ ಬ್ರೇಕ್ ಡ್ರಮ್ ಮಾದರಿಯದ್ದಾಗಿರಬಹುದು, ಹಾಗಿದ್ದರೆ ಅದರ ಪುಡಿ ಡ್ರಮ್‌ನ ಒಳಗೇ ಉಳಿಯುತ್ತದೆ. ಮುಂದಿನ ಡಿಸ್ಕ್ ಎರಕದ ಕಬ್ಬಿಣದ್ದು, ಪ್ಯಾಡ್‌ನಲ್ಲಿ ರಾಳ, ಗ್ರಾಫೈಟ್, ಲೋಹದ ನಾರು ಮುಂತಾದವು ಇರುತ್ತವೆ. ಎರಡೂ ಸವೆದು ಬಂದ ಬಿಸಿ ಪುಡಿ ಚಕ್ರದ ಮೇಲೆ ಕೂರುತ್ತದೆ. ಅದರಲ್ಲಿರುವ ಕಬ್ಬಿಣದ ಕಣಗಳು ಕ್ಲಿಯರ್ ಕೋಟ್‌ಗೆ ನಾಟಿಕೊಂಡು, ತೇವ ತಾಗಿ ತುಕ್ಕು ಹಿಡಿದು, ಉಗುರಿಗೆ ಒರಟಾಗಿ ತಾಕುವ ಕಂದು ಚುಕ್ಕೆಗಳಾಗುತ್ತವೆ. ಘಾಟಿಯ ಮೇಲ್ತುದಿಯ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಘಾಟಿಯ ಬುಡದ ಗುಂಡ್ಯದವರೆಗೆ ಇಳಿಯುವಾಗ ಕಾರಿನ ವೇಗವನ್ನು ಬ್ರೇಕಿನಿಂದಲೇ ಹಿಡಿದಿಟ್ಟರೆ ಆ ಇಳಿತದ ಶಕ್ತಿಯೆಲ್ಲ ಡಿಸ್ಕ್‌ನಲ್ಲಿ ಶಾಖವಾಗಿ, ಪ್ಯಾಡ್‌ನಲ್ಲಿ ಪುಡಿಯಾಗಿ ಹೊರಬರುತ್ತದೆ. ತಿರುವುಗಳಿಗೆ ಮೊದಲೇ ಮೂರನೆಯ ಅಥವಾ ಎರಡನೆಯ ಗೇರ್‌ಗೆ ಇಳಿಸಿ ಎಂಜಿನ್ನಿನಿಂದಲೇ ವೇಗ ತಡೆದರೆ ಘಾಟಿಯಲ್ಲಿ ಬ್ರೇಕ್ ಕಾಯುವ ಅಪಾಯ ತಪ್ಪುತ್ತದೆ, ಚಕ್ರದ ಕಪ್ಪೂ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಪುಡಿ ಕಡಿಮೆ ಬಿಡುವ ಪ್ಯಾಡ್‌ಗಳೂ ಸಿಗುತ್ತವೆ, ಆದರೆ ಹಿಡಿತದ ಗುಣ ಪ್ಯಾಡ್‌ನಿಂದ ಪ್ಯಾಡ್‌ಗೆ ಬೇರೆಯಾಗುವುದರಿಂದ ಕಾರು ತಯಾರಕರು ಒಪ್ಪಿದವನ್ನು ಬಿಟ್ಟು ಬೇರೆಯದಕ್ಕೆ ಕೈಹಾಕಬೇಡಿ. ಎಡ ಬಲ ಎರಡರಲ್ಲಿ ಒಂದು ಚಕ್ರ ಮಾತ್ರ ಬಹಳ ಕಪ್ಪಾಗುತ್ತಿದ್ದರೆ, ಅಥವಾ ಓಡಿಸಿ ನಿಲ್ಲಿಸಿದಾಗ ಒಂದೇ ಕಡೆ ಹೆಚ್ಚು ಬಿಸಿ ಹೊಡೆಯುತ್ತಿದ್ದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಸಡಿಲವಾಗದೆ ಹಿಡಿದುಕೊಂಡಿರಬಹುದು, ಅದನ್ನು ಮೊದಲು ತೋರಿಸಿ.

ತೊಳೆಯುವ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಚಕ್ರ ತಣ್ಣಗಿರಬೇಕು ಎಂಬುದು. ಬಿಸಿ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಒಂದೇ ಸಲಕ್ಕೆ ಸೊಟ್ಟಗಾಗುತ್ತದೆ ಎನ್ನುವುದು ಅತಿಶಯದ ಮಾತು, ಮಳೆಗಾಲದಲ್ಲಿ ಹೊಂಡದ ನೀರಿಗೆ ಇಳಿದ ಕಾರಿಗೂ ಅದೇ ಆಗಬೇಕಿತ್ತು. ಆದರೂ ಆ ಆಘಾತ ಒಳ್ಳೆಯದಲ್ಲ, ಅದಕ್ಕಿಂತ ಮುಖ್ಯವಾಗಿ, ಬಿಸಿ ಲೋಹದ ಮೇಲೆ ಶಾಂಪೂ ಮತ್ತು ಗಡಸು ನೀರು ಕ್ಷಣದಲ್ಲಿ ಒಣಗಿ ಕಲೆಯಾಗಿ ಕೂರುತ್ತವೆ. ಹಾಸನದಿಂದ ಬಂದ ದಿನ ರಾತ್ರಿ ಹಾಗೆಯೇ ಬಿಡಿ, ಮರುದಿನ ಬೆಳಿಗ್ಗೆ ನೆರಳಿನಲ್ಲಿ ತೊಳೆಯಿರಿ. ಮೊದಲು ಬರೀ ನೀರನ್ನು ಧಾರಾಳವಾಗಿ ಬಿಟ್ಟು ಹೊಯಿಗೆ, ಕೆಸರು, ಸಡಿಲ ಪುಡಿ ಎಲ್ಲವೂ ಇಳಿದು ಹೋಗುವಂತೆ ಮಾಡಬೇಕು, ಏಕೆಂದರೆ ಹೊಯಿಗೆ ಇರುವಾಗಲೇ ಬಟ್ಟೆ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಕಾರಿನ ಶಾಂಪೂ ಬೆರೆಸಿದ ನೀರಿನಲ್ಲಿ ಮೆತ್ತನೆಯ ಕೂದಲಿನ ಬ್ರಷ್‌ನಿಂದ ಸ್ಪೋಕ್‌ನ ಮುಂಭಾಗ, ಬದಿ, ಹಿಂಭಾಗ, ನಟ್ಟಿನ ಗುಳಿ ಎಲ್ಲವನ್ನೂ ತೊಳೆಯಿರಿ. ಚಕ್ರಕ್ಕೆ ಬಳಸಿದ ಬಕೆಟ್ ಮತ್ತು ಬಟ್ಟೆಯನ್ನು ಕಾರಿನ ಮೈಗೆ ಬಳಸಬಾರದು. ತೆಂಗಿನ ನಾರು, ಸ್ಟೀಲ್ ಸ್ಕ್ರಬ್ಬರ್, ಪಾತ್ರೆಯ ಹಸಿರು ಸ್ಕ್ರಬ್ಬರ್ ಯಾವುದೂ ಬೇಡ. ಪ್ರೆಷರ್ ವಾಷರ್ ಬಳಸುವುದಾದರೆ ನಳಿಕೆಯನ್ನು ಒಂದು ಅಡಿಯಾದರೂ ದೂರ ಹಿಡಿಯಿರಿ. ಕ್ಲಿಯರ್ ಕೋಟ್ ಎದ್ದಿರುವ ಅಂಚಿಗೆ ಹತ್ತಿರದಿಂದ ಹೊಡೆದರೆ ಅದು ಸಿಪ್ಪೆಯಂತೆ ಕಿತ್ತು ಬರುತ್ತದೆ, ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕವೂ ಹಾರಿಹೋಗಬಹುದು.

ನಾಟಿಕೊಂಡ ಕಂದು ಚುಕ್ಕೆಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ಐರನ್ ರಿಮೂವರ್ ಎಂಬ ದ್ರವ ಬಳಸಬಹುದು. ಥಯೋಗ್ಲೈಕೋಲೇಟ್ ಎಂಬ ಲವಣವಿರುವ, ಪಿಎಚ್ 7ರ ಆಸುಪಾಸಿನದನ್ನೇ ಆರಿಸಿ. ಅದು ಕಬ್ಬಿಣಕ್ಕೆ ತಾಗಿದ ಕೂಡಲೇ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ, ಅದರಿಂದ ಗಾಬರಿಯಾಗಬೇಡಿ. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ, ಒಣಗಲು ಬಿಡದೆ ಇರಿಸಿ ಚೆನ್ನಾಗಿ ತೊಳೆಯಬೇಕು. ಕೈಗವಸು ಹಾಕಿಕೊಳ್ಳಿ. ಇದನ್ನು ಪ್ರತಿ ವಾರ ಬಳಸುವ ಅಗತ್ಯವಿಲ್ಲ, ಈಗಾಗಲೇ ಗೆರೆ ಎದ್ದಿರುವ ಅಂಚಿನಲ್ಲಿ ಕಡಿಮೆ ಬಳಸಿದಷ್ಟೂ ಒಳ್ಳೆಯದು.

ನಿಮ್ಮ ಬೋರ್‌ವೆಲ್ ನೀರಿನ ಬಗ್ಗೆ ನೀವು ಕೊನೆಯಲ್ಲಿ ಒಂದೇ ವಾಕ್ಯ ಬರೆದಿದ್ದೀರಿ, ಆದರೆ ನನ್ನ ಅಂದಾಜಿನಲ್ಲಿ ಅದು ಈ ತೊಂದರೆಯ ದೊಡ್ಡ ಭಾಗ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿ ಮಾಡಿರುವ ಸ್ವೀಕಾರಾರ್ಹ ಕ್ಲೋರೈಡ್ ಮಿತಿ ಲೀಟರಿಗೆ 250 ಮಿಲಿಗ್ರಾಂ. ನಾಲಿಗೆಗೆ ಸವುಳು ಎನಿಸುವ ನೀರು ಸಾಮಾನ್ಯವಾಗಿ ಆ ಮಿತಿಯನ್ನು ದಾಟಿರುತ್ತದೆ. ಅಂಥ ನೀರಿನಲ್ಲಿ ತೊಳೆದು ಚಕ್ರವನ್ನು ತಾನಾಗಿ ಒಣಗಲು ಬಿಟ್ಟರೆ ನೀರು ಆರಿ ಉಪ್ಪು ಉಳಿಯುತ್ತದೆ. ಕಡಲ ಗಾಳಿ ತಂದ ಉಪ್ಪನ್ನು ತೆಗೆಯಲು ಹೋಗಿ ನೆಲದಡಿಯ ಉಪ್ಪನ್ನು ಲೇಪಿಸಿದಂತಾಗುತ್ತದೆ. ಕೊಳೆ ತೆಗೆಯುವವರೆಗೆ ಬೋರ್‌ವೆಲ್ ನೀರನ್ನೇ ಬಳಸಿ, ಅಡ್ಡಿಯಿಲ್ಲ. ಕೊನೆಯ ಸಲ ಮಾತ್ರ ಸಿಹಿ ನೀರು ಬೇಕು, ನಾಲ್ಕು ಚಕ್ರಕ್ಕೆ ಒಂದೆರಡು ಬಕೆಟ್ ಸಾಕಾಗುತ್ತದೆ. ನಗರಸಭೆಯ ನಳ್ಳಿ ನೀರು ಇದ್ದರೆ ಅದು, ಇಲ್ಲವಾದರೆ ಮಳೆನೀರು. ಮಳೆಗಾಲದ ನಾಲ್ಕು ತಿಂಗಳು ಉಡುಪಿಯಲ್ಲಿ ಮಾಡಿನಿಂದ ಇಳಿಯುವ ನೀರಿಗೆ ಬರವಿಲ್ಲ, ಮೊದಲ ಮಳೆಗಳಲ್ಲಿ ಮಾಡು ತೊಳೆದ ನೀರನ್ನು ಬಿಟ್ಟು ಆಮೇಲಿನದನ್ನು ಒಂದು ಮುಚ್ಚಳವಿರುವ ಡ್ರಮ್‌ನಲ್ಲಿ ಹಿಡಿದಿಟ್ಟರೆ ಇದಕ್ಕಿಂತ ಮೆದುವಾದ ನೀರು ಬೇರೆ ಸಿಗದು. ನಂತರ ಮೈಕ್ರೋಫೈಬರ್ ಬಟ್ಟೆಯಿಂದ ಒರಸಿ, ಮನೆಯ ಸುತ್ತ ಒಂದು ಸುತ್ತು ಓಡಿಸಿ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ ನಿಲ್ಲಿಸಿ. ತೊಳೆದ ಮರುದಿನ ಡಿಸ್ಕ್‌ನ ಮೇಲೆ ಕಾಣುವ ಕೆಂಪು ತುಕ್ಕು ಅದರಿಂದ ಕಡಿಮೆಯಾಗುತ್ತದೆ. ಆ ತುಕ್ಕು ಮೇಲುಮೇಲಿನದು, ಬ್ರೇಕ್ ಹಾಕಿದರೆ ತಾನೇ ಹೋಗುತ್ತದೆ. ಹಿಂದಿನಿಂದ ಕೂತಿರುವ ಗಡಸು ನೀರಿನ ಬಿಳಿ ಚುಕ್ಕೆಗಳಿಗೆ, ಕ್ಲಿಯರ್ ಕೋಟ್ ಒಡೆಯದ ಜಾಗದಲ್ಲಿ ಮಾತ್ರ, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿದು ತೊಳೆಯಬಹುದು.

ವಾಟರ್ ಸರ್ವಿಸ್‌ನಲ್ಲಿ ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೆಯ ಎಣ್ಣೆ ಸ್ಪ್ರೇ ಮಾಡುವ ಪದ್ಧತಿ ಕರಾವಳಿಯಲ್ಲಿ ಇನ್ನೂ ಇದೆ. ತುಕ್ಕು ತಡೆಯುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಆ ಹನಿ ಡಿಸ್ಕ್ ಮತ್ತು ಪ್ಯಾಡ್‌ಗೆ ತಾಗಿದರೆ ಬ್ರೇಕ್ ಜಾರುತ್ತದೆ, ಮರುದಿನ ನೀವು ಘಾಟಿ ಇಳಿಯುವವರು. ರಬ್ಬರ್ ಬುಷ್‌ಗಳು ಮತ್ತು ಟೈರ್ ಕೂಡ ಪೆಟ್ರೋಲಿಯಂ ಎಣ್ಣೆಯಿಂದ ಉಬ್ಬಿ ಮೆದುವಾಗುತ್ತವೆ. ಇದೇ ಕಾರಣಕ್ಕೆ ಚಕ್ರದ ಡಾಂಬರು ಕಲೆ ತೆಗೆಯಲು ಸೀಮೆಎಣ್ಣೆ ಬಳಸುವುದೂ ಬೇಡ, ಅದಕ್ಕೆಂದೇ ಇರುವ ಟಾರ್ ರಿಮೂವರ್ ಸ್ವಲ್ಪ ಸಾಕು. ಟೈರ್ ಪಾಲಿಶ್ ಹಚ್ಚಲೇಬೇಕೆಂದಿದ್ದರೆ ನೀರು ಆಧಾರಿತವಾದದ್ದನ್ನು ಬದಿಗೆ ಮಾತ್ರ ಹಚ್ಚಿ, ನೆಲ ಮುಟ್ಟುವ ಭಾಗಕ್ಕೆ ಎಂದೂ ಬೇಡ.

ಸೆರಾಮಿಕ್ ಕೋಟಿಂಗ್ ಬಗ್ಗೆ ಕೇಳಿದ್ದೀರಿ. ಅದು ಸಿಲಿಕಾ ಆಧಾರಿತ, ಬಹಳ ತೆಳುವಾದ ಪದರ. ಬ್ರೇಕ್ ಪುಡಿ ಗಟ್ಟಿಯಾಗಿ ಅಂಟದಂತೆ ನೋಡಿಕೊಳ್ಳುತ್ತದೆ, ಬರೀ ನೀರಿಗೇ ಅರ್ಧ ಕೊಳೆ ಇಳಿಯುತ್ತದೆ, ಅಷ್ಟರಮಟ್ಟಿಗೆ ಅದು ನಿಜಕ್ಕೂ ಉಪಯುಕ್ತ. ಆದರೆ ಡಬ್ಬಿಯ ಮೇಲಿನ 9ಎಚ್ ಎಂಬುದು ಪೆನ್ಸಿಲಿನ ಮೊನೆಯಿಂದ ಗೀರಿ ನೋಡುವ ಪರೀಕ್ಷೆಯ ಅಳತೆ, ಖನಿಜಗಳ ಗಡಸುತನದ ಅಳತೆಯಲ್ಲ. ಜಲ್ಲಿಕಲ್ಲಿನ ಪೆಟ್ಟನ್ನು ಅದು ತಡೆಯದು. ನಿಮ್ಮ ಚಕ್ರಗಳಿಗೆ ಈಗಿರುವ ಸ್ಥಿತಿಯಲ್ಲಿ ಅದನ್ನು ಹಚ್ಚಿಸಿದರೆ ಉಪ್ಪು ಮತ್ತು ತೇವವನ್ನು ಒಳಗಿಟ್ಟು ಮುಚ್ಚಿದಂತಾಗುತ್ತದೆ, ಗೆರೆ ಒಳಗೊಳಗೇ ಬೆಳೆಯುತ್ತದೆ. ಸವೆತ ಸಂಪೂರ್ಣ ತೆಗೆದು ಹೊಸ ಬಣ್ಣ ಹಚ್ಚಿಸಿದ ಮೇಲೆ, ಬಣ್ಣ ಪೂರ್ತಿ ಗಟ್ಟಿಯಾದ ನಂತರ ಮಾಡಿಸಬಹುದು. ಅಷ್ಟು ಖರ್ಚು ಬೇಡವೆಂದರೆ ಬಾಟಲಿಯಲ್ಲಿ ಸಿಗುವ ಸಿಂಥೆಟಿಕ್ ಸೀಲೆಂಟ್ ಅನ್ನು ಕೆಲವು ತಿಂಗಳಿಗೊಮ್ಮೆ ಹಚ್ಚಿದರೂ ಸಾಕಷ್ಟು ಕೆಲಸ ಮಾಡುತ್ತದೆ. ಕಾರಿನ ಮೈಗೆ ಹಚ್ಚುವ ಕಾರ್ನಾಬಾ ಮೇಣ 80 ಡಿಗ್ರಿಯ ಮೇಲೆ ಕರಗುತ್ತದೆ, ಘಾಟಿ ಇಳಿಯುವ ಚಕ್ರದ ಮೇಲೆ ಅದು ಹೆಚ್ಚು ದಿನ ನಿಲ್ಲದು.

ಹಾಗಾದರೆ ಗೆರೆಗಳಿಗೆ ಏನು ಮಾಡಬೇಕು? ಗೆರೆ ಒಂದೆರಡು ಕಡೆ, ಬೆರಳ ತುದಿಯಷ್ಟು ಮಾತ್ರವಿದ್ದರೆ ಆ ಜಾಗದ ಸಡಿಲ ವಾರ್ನಿಷ್ ಕೆರೆದು, ಬಿಳಿ ಪುಡಿ ಪೂರ್ತಿ ಹೋಗುವವರೆಗೆ ನುಣುಪು ಎಮರಿಯಿಂದ ತಿಕ್ಕಿ, ಸಿಹಿ ನೀರಿನಲ್ಲಿ ತೊಳೆದು ಒಣಗಿಸಿ, ಕ್ಲಿಯರ್ ಲ್ಯಾಕರ್ ಹಚ್ಚಬಹುದು. ತೇಪೆ ಕಣ್ಣಿಗೆ ಕಾಣುತ್ತದೆ, ಆದರೆ ಒಂದೆರಡು ಮಳೆಗಾಲ ಮುಂದೂಡಬಹುದು. ನೀವು ವಿವರಿಸಿದಂತೆ ಎಲ್ಲ ಸ್ಪೋಕ್‌ಗಳಿಗೂ ಹರಡಿದ್ದರೆ ತೇಪೆಯಿಂದ ಪ್ರಯೋಜನವಿಲ್ಲ.

ಲೇತ್‌ಗೆ ಹಾಕಿಸುವುದೆಂದರೆ ಹಳೆಯ ಪದರಗಳನ್ನು ತೆಗೆದು, ಮುಖವನ್ನು ಮತ್ತೆ ಕೆತ್ತಿ, ಹೊಸ ಕ್ಲಿಯರ್ ಕೋಟ್ ಹಚ್ಚುವುದು. ಮೊದಲ ದಿನ ಹೊಸದರಂತೆ ಕಾಣುತ್ತದೆ, ಗ್ರಾಹಕರ ಮುಖ ಅರಳುತ್ತದೆ. ಆದರೆ ಪ್ರತಿ ಸಲವೂ ಸ್ವಲ್ಪ ಲೋಹ ಹೋಗುತ್ತದೆ, ಆದ್ದರಿಂದ ಒಂದು ಚಕ್ರದ ಆಯುಷ್ಯದಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಮಾಡಬಾರದು, ಕೆಲವು ತಯಾರಕರು ಒಮ್ಮೆಯೂ ಒಪ್ಪುವುದಿಲ್ಲ. ಬಿರುಕಿನ ತಳದಲ್ಲಿ ತುಸು ಸವೆತ ಉಳಿದಿದ್ದರೂ ಅದು ಮರಳಿ ಬರುತ್ತದೆ. ಮೇಲಾಗಿ, ಬರಿಯ ಲೋಹದ ಮೇಲೆ ಒಂದೇ ಪದರ ಎಂಬ ಮೂಲ ದೌರ್ಬಲ್ಯ ಹಾಗೆಯೇ ಉಳಿಯುತ್ತದೆ. ಬೆಂಗಳೂರಿನ ಗ್ರಾಹಕರಿಗೆ ನಾನು ಬೇಡವೆನ್ನುವುದಿಲ್ಲ, ಮಲ್ಪೆಯವರಿಗೆ ಬೇಡವೆನ್ನುತ್ತೇನೆ.

ನಿಮಗೆ ನನ್ನ ಸಲಹೆ ಪೌಡರ್ ಕೋಟಿಂಗ್, ಅಂದರೆ ಪುಡಿಯ ರೂಪದ ಬಣ್ಣವನ್ನು ಓವನ್‌ನಲ್ಲಿ ಬೇಯಿಸಿ ಕೂರಿಸುವ ವಿಧಾನ. ಡೈಮಂಡ್ ಕಟ್‌ನ ಆಸೆ ಬಿಟ್ಟು, ಇಡೀ ಚಕ್ರಕ್ಕೆ ಬೆಳ್ಳಿ ಅಥವಾ ಬೂದು ಬಣ್ಣದ ಪ್ರೈಮರ್, ಪೌಡರ್, ಅದರ ಮೇಲೆ ಕ್ಲಿಯರ್ ಹಚ್ಚಿಸಿದರೆ ಕಡಲ ಗಾಳಿಗೆ ಬಹಳ ಚೆನ್ನಾಗಿ ತಡೆಯುತ್ತದೆ. ಇದರಲ್ಲಿಯೂ ಅಪಾಯಗಳಿವೆ, ಅಂಗಡಿಯನ್ನು ಆರಿಸುವಾಗ ಅವನ್ನು ಕೇಳಿ ತಿಳಿಯಿರಿ. ಪೌಡರ್ ಸಾಮಾನ್ಯವಾಗಿ 180–200 ಡಿಗ್ರಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಬೇಯುತ್ತದೆ. ಚಕ್ರಕ್ಕೆ ಬಲ ತುಂಬಿದ ಶಾಖಕ್ಕಿಂತ ಇದು ಹೆಚ್ಚು, ಆದುದರಿಂದ ಶಾಖ ಮತ್ತು ಸಮಯ ಹಿಡಿತದಲ್ಲಿರುವ ಓವನ್ ಇರಬೇಕು, ತಪ್ಪಾಯಿತೆಂದು ಮತ್ತೆ ಮತ್ತೆ ಬೇಯಿಸಬಾರದು. ಹಬ್‌ಗೆ, ಅಂದರೆ ಕಾರಿನಲ್ಲಿ ಚಕ್ರ ಕೂರುವ ನಡುಭಾಗಕ್ಕೆ, ಒತ್ತುವ ಹಿಂಭಾಗ ಮತ್ತು ನಟ್ಟು ಕೂರುವ ಗುಳಿಗಳನ್ನು ಮುಚ್ಚಿ, ಅಲ್ಲಿ ಬಣ್ಣ ಬೀಳದಂತೆ ನೋಡಬೇಕು. ದಪ್ಪ ಬಣ್ಣ ಅಲ್ಲಿ ಉಳಿದರೆ ಓಡಾಟದಲ್ಲಿ ಅದು ಒತ್ತಿ ತೆಳುವಾಗಿ ನಟ್ಟು ಸಡಿಲವಾಗುತ್ತದೆ. ಹಳೆಯ ಪದರ ತೆಗೆದು ಚಕ್ರ ಬರಿದಾದಾಗ ಒಳಗಿನ ಅಂಚನ್ನೂ ಸ್ಪೋಕ್‌ನ ಬುಡವನ್ನೂ ಬಿರುಕಿಗಾಗಿ ನೋಡಲು ಹೇಳಿ, ಹೊಂಡಕ್ಕೆ ಇಳಿದಾಗ ಬಿದ್ದ ಬಿರುಕು ಕಾಣುವುದು ಆಗಲೇ. ಬಿರುಕಿದ್ದರೆ ವೆಲ್ಡಿಂಗ್‌ಗೆ ಒಪ್ಪಬೇಡಿ. ಬೆಂಡ್ ತೆಗೆಯಲು ಗ್ಯಾಸ್ ಬರ್ನರ್‌ನಿಂದ ಕಾಯಿಸುವ ಕಡೆಗಂತೂ ಹೋಗಲೇಬೇಡಿ, ಆ ಭಾಗದ ಬಲವೇ ಇಳಿದುಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಈಗ ಇಳಿಯುವ ಗಾಳಿ. ಟೈರ್‌ನ ಅಂಚು ರಿಮ್‌ಗೆ ಒತ್ತಿ ಕೂರುವ ಜಾಗದಲ್ಲಿ ಇದೇ ಬಿಳಿ ಸವೆತ ಎದ್ದರೆ ಮೇಲ್ಮೈ ಒರಟಾಗಿ ಗಾಳಿ ಸಣ್ಣಗೆ ಸೋರುತ್ತದೆ. ಮೊಳೆ ಸಿಗದೆ, ವಾರಕ್ಕೆ ನಾಲ್ಕೈದು ಪಾಯಿಂಟ್ ಇಳಿಯುವ ಕರಾವಳಿಯ ಕಾರುಗಳಲ್ಲಿ ನಾನು ಮೊದಲು ನೋಡುವ ಜಾಗ ಅದು. ಸಾಬೂನು ನೀರನ್ನು ರಿಮ್ ಮತ್ತು ಟೈರ್ ಸೇರುವ ಸುತ್ತಲೂ ಹಚ್ಚಿ, ವಾಲ್ವ್‌ನ ಬುಡಕ್ಕೂ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಒಳಬದಿಯನ್ನೂ ನೋಡಬೇಕಾದ್ದರಿಂದ ಚಕ್ರ ಬಿಚ್ಚಿಸಿಯೇ ಮಾಡುವುದು ಮೇಲು. ಅಲ್ಲಿಯೇ ಸೋರುತ್ತಿದ್ದರೆ ಟೈರ್ ಕಳಚಿ, ಸವೆತವನ್ನು ನುಣುಪಾಗಿ ತಿಕ್ಕಿ ತೆಗೆದು, ಬೀಡ್ ಸೀಲರ್ ಎಂಬ ಗಾಳಿ ತಡೆಯುವ ಅಂಟು ಹಚ್ಚಿ ಮತ್ತೆ ಕೂರಿಸುತ್ತಾರೆ. ಗ್ರೈಂಡರ್ ಹಾಕಿ ಲೋಹ ಕೆತ್ತಲು ಬಿಡಬೇಡಿ. ಟ್ಯೂಬ್ ಹಾಕಿಸುವುದರಿಂದ ಸೋರಿಕೆ ನಿಂತಂತೆ ಕಂಡರೂ ಸವೆತ ನಿಲ್ಲುವುದಿಲ್ಲ, ಮೇಲಾಗಿ ಟ್ಯೂಬ್‌ಲೆಸ್ ಟೈರ್‌ನಲ್ಲಿ ಮೆಲ್ಲನೆ ಇಳಿಯುವ ಗಾಳಿ ಟ್ಯೂಬ್ ಹಾಕಿದಾಗ ಒಮ್ಮೆಲೇ ಹೋಗುವ ಸಾಧ್ಯತೆ ಇರುತ್ತದೆ. ಒಳಗೆ ಸುರಿಯುವ ಸೀಲಿಂಗ್ ದ್ರವ ನೆಲ ಮುಟ್ಟುವ ಭಾಗದ ತೂತಿಗೆ ಸರಿ, ಈ ಸೋರಿಕೆಗೆ ಅದು ಪರಿಹಾರವಲ್ಲ. ಪೌಡರ್ ಕೋಟಿಂಗ್‌ಗೆ ಕೊಡುವವರೆಗೆ ಕಾಯದೆ ಈ ಒಂದು ಚಕ್ರವನ್ನು ಈ ವಾರವೇ ತೋರಿಸಿ, ಅಲ್ಲಿಯವರೆಗೆ ಹಾಸನಕ್ಕೆ ಹೊರಡುವ ಮೊದಲು ತಣ್ಣನೆಯ ಟೈರ್‌ನಲ್ಲಿ ಗಾಳಿ ಅಳೆದು ತುಂಬಿಸಿ. ಗಾಳಿ ಕಡಿಮೆಯಿರುವ ಟೈರ್ ಘಾಟಿಯ ತಿರುವಿನಲ್ಲಿ ರಿಮ್‌ನಿಂದ ಜರುಗಬಲ್ಲದು.

ಬಣ್ಣದ ಕೆಲಸವನ್ನು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಮುಗಿಸಿಕೊಂಡರೆ ಮಳೆ ಹಿಡಿಯುವ ಮೊದಲು ಪದರ ಚೆನ್ನಾಗಿ ಗಟ್ಟಿಯಾಗುತ್ತದೆ. ಚಕ್ರ ಕೂರಿಸುವ ಮುನ್ನ ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಸಿ, ನಡುವಿನ ಉಂಗುರಕ್ಕೆ ಮಾತ್ರ ಶಾಖ ತಡೆಯುವ ಗ್ರೀಸ್ ತೆಳುವಾಗಿ ಹಚ್ಚಿಸಿ, ಬೋಲ್ಟ್‌ಗಳಿಗೆ ಗ್ರೀಸ್ ಬೇಡ. ಹಾಗೆ ಮಾಡಿದರೆ ಮುಂದಿನ ಸಲ ಚಕ್ರ ಹಬ್‌ಗೆ ಕಚ್ಚಿಕೊಂಡಿರುವುದಿಲ್ಲ. ನಟ್ಟುಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದಲೇ ಬಿಗಿಸಿ, 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಮೊದಲ ಎರಡು ವಾರ ಶಾಂಪೂ, ಬ್ರಷ್ ಏನೂ ಇಲ್ಲದೆ ಬರೀ ಸಿಹಿ ನೀರಿನಲ್ಲಿ ತೊಳೆಯಿರಿ. ಇದೇ ಸಮಯದಲ್ಲಿ ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ಹೊರತೆಗೆದು ನೋಡಿ. ಅದು ಉಕ್ಕಿನ ಚಕ್ರವಾಗಿದ್ದರೆ ಅದರ ಗುಳಿಯಲ್ಲಿ ನಿಂತ ತೇವದಿಂದ ತುಕ್ಕು ಹಿಡಿದಿರಬಹುದು. ತಂತಿ ಬ್ರಷ್‌ನಿಂದ ಉಜ್ಜಿ, ಹಬ್‌ಗೆ ಒತ್ತುವ ಮುಖ ಬಿಟ್ಟು ಉಳಿದೆಡೆ ಸತುವಿನ ಪ್ರೈಮರ್ ಮತ್ತು ಬಣ್ಣ ಹಚ್ಚಿಸಿ. ಅದಕ್ಕೆ ಅಲಾಯ್ ಚಕ್ರದ ನಟ್ಟುಗಳೇ ಸರಿಹೊಂದುತ್ತವೆಯೇ, ಎಷ್ಟು ವೇಗದವರೆಗೆ ಓಡಿಸಬಹುದು ಎಂಬುದು ಕೈಪಿಡಿಯಲ್ಲೂ ಆ ಚಕ್ರದ ಮೇಲಿನ ಚೀಟಿಯಲ್ಲೂ ಇರುತ್ತದೆ. ಅಳತೆಯಲ್ಲಿ ಚಿಕ್ಕದಾದ ಸ್ಟೆಪ್ನಿಗೆ ಅದು ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್.